ತಲೆಮರೆಸಿಕೊಂಡವರನ್ನು ಹಿಡಿದುಕೊಡುವ ಒಪ್ಪಂದ ಮಾಡಿ

ಗೆ,
ಮಾನವತೆಯ ವಿರುದ್ಧದ ಅಪರಾಧಗಳನ್ನು ತಡೆಯುವ ಮತ್ತು ಶಿಕ್ಷಿಸುವ ಒಪ್ಪಂದಕ್ಕಾಗಿ 2028 ಮತ್ತು 2029ರಲ್ಲಿ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಸೇರಲಿರುವ ಎಲ್ಲ ದೇಶಗಳ ಪ್ರತಿನಿಧಿಗಳಿಗೆ.

ಮಾನ್ಯರೇ,

ನಮಸ್ಕಾರ. ನನ್ನದು ವಕೀಲಿ ವೃತ್ತಿಯಲ್ಲ. ಸರ್ಕಾರದಲ್ಲಿ ಯಾವ ಹುದ್ದೆಯೂ ಇಲ್ಲ. ಯುದ್ಧ ಮುಗಿದ ಮೇಲೆ ನಡೆಯುವ ವಿಚಾರಣೆಗಳನ್ನು ಬಹಳ ಕಾಲದಿಂದ ಬಿಡದೆ ಗಮನಿಸುತ್ತಾ ಬಂದಿದ್ದೇನೆ, ಅಷ್ಟೇ. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಕೋರ್ಟುಗಳ ಕಲಾಪವನ್ನು ಯಾರು ಬೇಕಾದರೂ ನೋಡಬಹುದು. ತೀರ್ಪುಗಳೂ ಎಲ್ಲರಿಗೂ ಸಿಗುತ್ತವೆ. ಅವನ್ನು ಓದುತ್ತಾ, ಸಾಕ್ಷಿಗಳ ಮಾತು ಕೇಳುತ್ತಾ ನನಗೆ ಮನವರಿಕೆಯಾದ ಒಂದು ವಿಷಯವನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ಸಾವಿರಾರು ಜನರನ್ನು ಕೊಂದವರು ತಪ್ಪಿಸಿಕೊಂಡು ಓಡಾಡುತ್ತಾರೆ ಅಂದರೆ, ಸಾಕ್ಷ್ಯ ಸಿಗಲಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಪ್ರಕರಣಗಳಲ್ಲಿ ಸಾಕ್ಷ್ಯ ಸಿಕ್ಕಿರುತ್ತದೆ. ಆರೋಪಿಯ ಹೆಸರು ಗೊತ್ತಿರುತ್ತದೆ. ಎಷ್ಟೋ ಸಲ ಅವನು ಯಾವ ಊರಿನಲ್ಲಿ ಇದ್ದಾನೆ ಎಂಬುದೂ ಗೊತ್ತಿರುತ್ತದೆ. ಹಿಡಿಯಬೇಕಾದ ಸರ್ಕಾರ ಹಿಡಿಯುವುದಿಲ್ಲ. ವರ್ಷಗಳು ಕಳೆಯುತ್ತವೆ. ಸಾಕ್ಷಿಗಳು ಸಾಯುತ್ತಾರೆ, ಕೊನೆಗೆ ಆರೋಪಿಯೂ ಸಾಯುತ್ತಾನೆ. ಹೀಗೆ ತಡ ಮಾಡುವುದೂ ಬಿಟ್ಟುಕಳಿಸುವುದೂ ಒಂದೇ ಎಂಬುದು ನನ್ನ ದೂರು. ಈ ತಡಕ್ಕೆ ಕೊನೆ ಹಾಡುವ ಅವಕಾಶ ನಿಮ್ಮ ಕೈಗೆ ಬಂದಿದೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. ನರಮೇಧಕ್ಕೆ 1948ರ ಒಪ್ಪಂದವಿದೆ. ಯುದ್ಧಾಪರಾಧಗಳಿಗೆ 1949ರ ಜಿನೀವಾ ಒಪ್ಪಂದಗಳಿವೆ. ಆದರೆ 1945ರಲ್ಲಿ ನ್ಯೂರೆಂಬರ್ಗ್ ಕೋರ್ಟಿನ ಸನ್ನದಿನಲ್ಲೇ ಹೆಸರಿಸಿದ ಮಾನವತೆಯ ವಿರುದ್ಧದ ಅಪರಾಧಕ್ಕೆ, ಅಂದರೆ ನಾಗರಿಕರ ಮೇಲೆ ಯೋಜನೆ ಹಾಕಿ ನಡೆಸುವ ಕೊಲೆ, ಚಿತ್ರಹಿಂಸೆ, ಅತ್ಯಾಚಾರ, ಬಲವಂತದ ಕಣ್ಮರೆಗಳಿಗೆ, ಇವತ್ತಿಗೂ ತನ್ನದೇ ಆದ ಒಪ್ಪಂದ ಇಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2019ರಲ್ಲೇ ಕರಡು ಸಿದ್ಧಮಾಡಿ ಕೊಟ್ಟಿತು. ಅದನ್ನು ಮಾತುಕತೆಗೆ ತೆಗೆದುಕೊಳ್ಳಲು ಮಹಾಸಭೆ ಒಪ್ಪಿದ್ದು 2024ರ ಡಿಸೆಂಬರ್‌ನಲ್ಲಿ. ಐದು ವರ್ಷ ಮೀನಮೇಷ ಎಣಿಸಿದ್ದಾಯಿತು. ಇನ್ನಾದರೂ ಕೆಲಸ ಆಗಲಿ.

ಸಾಕ್ಷ್ಯದ ಮಾತು ಎತ್ತಿದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯುದ್ಧದಲ್ಲಿದ್ದ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣವನ್ನು ಭದ್ರತಾ ಮಂಡಳಿಯೇ 1993ರಲ್ಲಿ ಸುರಕ್ಷಿತ ಪ್ರದೇಶ ಎಂದು ಘೋಷಿಸಿತ್ತು. ಅಲ್ಲಿ ವಿಶ್ವಸಂಸ್ಥೆಯ ಡಚ್ ಸೈನಿಕರು ಕಾವಲಿದ್ದರು. 1995ರ ಜುಲೈ 11ರಂದು ಬೋಸ್ನಿಯನ್ ಸರ್ಬ್ ಸೇನೆ ಊರನ್ನು ಹಿಡಿಯಿತು. ಮುಂದಿನ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದು ಗುಂಡಿಗಳಲ್ಲಿ ಹೂತರು. ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಯಂತ್ರಗಳನ್ನು ತಂದು ಆ ಗುಂಡಿಗಳನ್ನು ಮತ್ತೆ ಅಗೆದರು. ಹೆಣಗಳನ್ನು ಲಾರಿಗಳಲ್ಲಿ ತುಂಬಿಸಿ ದೂರದ ಕಣಿವೆಗಳಿಗೆ ಸಾಗಿಸಿ ಮತ್ತೆ ಹೂತರು. ಗುರುತೇ ಸಿಗಬಾರದು ಎಂಬುದು ಲೆಕ್ಕ. ಯಂತ್ರದ ಬಾಯಿಗೆ ಸಿಕ್ಕ ಹೆಣಗಳು ತುಂಡಾದವು. ಒಬ್ಬನೇ ಮನುಷ್ಯನ ಮೂಳೆಗಳು ಮೈಲಿಗಟ್ಟಲೆ ದೂರದ ಬೇರೆ ಬೇರೆ ಗುಂಡಿಗಳಲ್ಲಿ ಸಿಕ್ಕ ಉದಾಹರಣೆಗಳಿವೆ.

ಇಷ್ಟು ಮಾಡಿಯೂ ಮುಚ್ಚಿಡಲು ಆಗಲಿಲ್ಲ. ಕೊಜ್ಲುಕ್ ಎಂಬಲ್ಲಿ ನೀರು ತುಂಬಿಸುವ ಬಾಟಲಿ ಕಾರ್ಖಾನೆಯೊಂದಿತ್ತು. ಅದರ ಒಡೆದ ಹಸಿರು ಗಾಜಿನ ಚೂರುಗಳನ್ನು ಸುರಿಯುತ್ತಿದ್ದ ಜಾಗದಲ್ಲೇ ಒಂದು ಗುಂಡಿ ತೋಡಿದ್ದರು. ಆಮೇಲೆ ದೂರದಲ್ಲಿ ಸಿಕ್ಕ ಇನ್ನೊಂದು ಗುಂಡಿಯಲ್ಲಿ ಮೂಳೆಗಳ ಜೊತೆ ಅದೇ ಹಸಿರು ಗಾಜು, ಅದೇ ಕಾರ್ಖಾನೆಯ ಲೇಬಲ್‌ಗಳು ಸಿಕ್ಕವು. ಹೆಣಗಳು ಎಲ್ಲಿಂದ ಬಂದವು ಎಂಬುದು ಗೊತ್ತಾಯಿತು. ಕೆಲವರ ಮಣಿಕಟ್ಟಿನಲ್ಲಿ ಆಟೋಮ್ಯಾಟಿಕ್ ಕೈಗಡಿಯಾರ ಇದ್ದವು. ಕೈ ಅಲುಗಾಡುತ್ತಿದ್ದರೆ ಅವು ನಡೆಯುತ್ತವೆ. ಕೈ ನಿಂತ ಮೇಲೆ ಒಂದೆರಡು ದಿನ ಓಡಿ ತಾವೂ ನಿಲ್ಲುತ್ತವೆ. ಆ ಗಡಿಯಾರಗಳು ತೋರಿಸುತ್ತಿದ್ದ ವಾರ, ತಾರೀಕು ಜುಲೈನ ಆ ದಿನಗಳಿಗೆ ಸರಿಯಾಗಿ ಹೊಂದಿದವು. ಕಣ್ಣಿಗೆ ಕಟ್ಟಿದ ಬಟ್ಟೆಗಳು, ಕೈಗೆ ಬಿಗಿದ ಹಗ್ಗ, ತಂತಿಗಳು ಸಿಕ್ಕವು. ಇವರೆಲ್ಲ ಹೋರಾಡುತ್ತಾ ಸತ್ತವರು ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಮನೆಯವರ ರಕ್ತದ ಡಿಎನ್‌ಎ ಜೊತೆ ಹೋಲಿಸಿ ಸುಮಾರು 7,000 ಜನರ ಗುರುತು ಹಿಡಿದರು. ಕೊಂದವರಲ್ಲೇ ಒಬ್ಬನಾದ ದ್ರಾಜೆನ್ ಎರ್ದೆಮೋವಿಚ್ 1996ರಲ್ಲಿ ತಪ್ಪೊಪ್ಪಿಕೊಂಡ. ಬ್ರಾನ್ಯೆವೊ ತೋಟಕ್ಕೆ ಬಸ್ಸುಗಟ್ಟಲೆ ಜನರನ್ನು ತಂದು ಸಾಲಾಗಿ ನಿಲ್ಲಿಸಿ ಗುಂಡು ಹೊಡೆದದ್ದನ್ನು ಕೋರ್ಟಿನಲ್ಲಿ ಹೇಳಿದ. ಆ ಒಂದೇ ದಿನ ಸುಮಾರು 1,200 ಜನ ಸತ್ತರು ಎಂಬುದು ಅವನ ಅಂದಾಜು.

ಇದಕ್ಕಿಂತ ಜಾಸ್ತಿ ಸಾಕ್ಷ್ಯ ಯಾವ ಕೊಲೆ ಕೇಸಿನಲ್ಲಿ ಸಿಗುತ್ತದೆ, ನೀವೇ ಹೇಳಿ.

ಈಗ ಸೇನಾಧಿಪತಿಯ ವಿಷಯಕ್ಕೆ ಬನ್ನಿ. ರಾತ್ಕೊ ಮ್ಲಾದಿಚ್ ಮೇಲೆ 1995ರ ಜುಲೈನಲ್ಲೇ ಮೊದಲ ದೋಷಾರೋಪ ಸಿದ್ಧವಾಗಿತ್ತು. ಅವನನ್ನು ಹಿಡಿದದ್ದು 2011ರ ಮೇ 26ರಂದು, ಸರ್ಬಿಯಾದ ಲಾಜರೆವೊ ಎಂಬ ಹಳ್ಳಿಯಲ್ಲಿ, ನೆಂಟರ ಮನೆಯಲ್ಲಿ. ನಡುವಿನ ಹದಿನಾರು ವರ್ಷ ಅವನೇನು ಕಾಡಿನಲ್ಲಿ ಅವಿತುಕೊಂಡಿರಲಿಲ್ಲ. ಎಷ್ಟೋ ಕಾಲ ಸೇನೆಯ ರಕ್ಷಣೆಯಲ್ಲೇ ಇದ್ದ. ಅವನ ರಾಜಕೀಯ ನಾಯಕ ರಾದೊವಾನ್ ಕರಾಜಿಚ್ ಬೆಲ್‌ಗ್ರೇಡ್ ನಗರದಲ್ಲೇ ಉದ್ದ ಬಿಳಿ ಗಡ್ಡ ಬಿಟ್ಟು, ಬೇರೆ ಹೆಸರಿಟ್ಟುಕೊಂಡು, ಬದಲಿ ಚಿಕಿತ್ಸೆಯ ವೈದ್ಯನಾಗಿ ಭಾಷಣ ಮಾಡಿಕೊಂಡಿದ್ದ. 2008ರಲ್ಲಿ ಸಿಕ್ಕಿಬಿದ್ದ. ಇಬ್ಬರಿಗೂ ಕೊನೆಗೆ ಜೀವಾವಧಿ ಶಿಕ್ಷೆಯಾಯಿತು. ಕರಾಜಿಚ್‌ಗೆ 2019ರಲ್ಲಿ, ಮ್ಲಾದಿಚ್ ಮೇಲ್ಮನವಿ ಬಿದ್ದುಹೋದದ್ದು 2021ರ ಜೂನ್‌ನಲ್ಲಿ. ಗಂಡ, ಮಕ್ಕಳನ್ನು ಕಳೆದುಕೊಂಡ ಎಷ್ಟು ತಾಯಂದಿರು ಆ ಇಪ್ಪತ್ತಾರು ವರ್ಷಗಳಲ್ಲಿ ಕಣ್ಮುಚ್ಚಿದರು ಎಂದು ಯೋಚಿಸಿ. ಸರ್ಬಿಯಾದ ಮಾಜಿ ಅಧ್ಯಕ್ಷ ಸ್ಲೊಬೊದಾನ್ ಮಿಲೊಶೆವಿಚ್ ವಿಚಾರಣೆ 2002ರಲ್ಲಿ ಶುರುವಾಯಿತು. ತೀರ್ಪಿಗೆ ಮೊದಲೇ, 2006ರ ಮಾರ್ಚ್‌ನಲ್ಲಿ, ಅವನು ಸೆಲ್ಲಿನಲ್ಲಿ ಸತ್ತ. ಆ ಕೇಸು ಅಲ್ಲಿಗೇ ಮುಗಿಯಿತು.

ಹಾಗಂತ ಹಳೆಯ ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗೆಂದು ವಿಶ್ವಸಂಸ್ಥೆ ಹೇಗ್‌ನಲ್ಲಿ ತೆರೆದ ನ್ಯಾಯಮಂಡಳಿ ಸೋತಿತು ಎಂದು ನಾನು ಹೇಳುವುದಿಲ್ಲ. ಅದು ಒಟ್ಟು 161 ಜನರ ಮೇಲೆ ದೋಷಾರೋಪ ಹೊರಿಸಿತು. 2011ರ ಜುಲೈನಲ್ಲಿ ಕೊನೆಯವನಾದ ಗೋರಾನ್ ಹಾಜಿಚ್ ಸಿಕ್ಕ ಮೇಲೆ ಅವರಲ್ಲಿ ಒಬ್ಬರೂ ಹೊರಗೆ ಉಳಿದಿರಲಿಲ್ಲ. ಇದು ಹೇಗೆ ಆಯಿತು? ಆರೋಪಿಗಳನ್ನು ಒಪ್ಪಿಸದಿದ್ದರೆ ಐರೋಪ್ಯ ಒಕ್ಕೂಟದ ಬಾಗಿಲು ತೆರೆಯುವುದಿಲ್ಲ ಎಂದು ಉಳಿದ ದೇಶಗಳು ಸರ್ಬಿಯಾಕ್ಕೆ ಪಟ್ಟು ಹಿಡಿದು ಹೇಳಿದವು. ಅಷ್ಟು ದಿನ ಸಿಗದೇ ಇದ್ದವರು ಆಮೇಲೆ ಸಿಕ್ಕರು. ಸರ್ಕಾರಗಳಿಗೆ ಮನಸ್ಸಿದ್ದರೆ ದಾರಿ ಇದೆ ಎಂಬುದಕ್ಕೆ ಬೇರೆ ರುಜುವಾತು ಬೇಡ. ಆದರೆ ಇದೊಂದು ರಾಜಕೀಯ ಚೌಕಾಸಿ. ಮುಂದಿನ ಸಲ ಅಂಥ ಆಮಿಷ ಇಲ್ಲದಿದ್ದರೆ? ಅದಕ್ಕೇ ಇದು ಕಾನೂನಿನಲ್ಲಿ ಇರಬೇಕು ಅನ್ನುತ್ತೇನೆ.

ರುವಾಂಡಾದ ಕಥೆ ಇನ್ನೂ ಕಹಿ. 1994ರ ನರಮೇಧದಲ್ಲಿ ಟುಟ್ಸಿ ಸಮುದಾಯದವರ ವಿರುದ್ಧ ಜನರನ್ನು ಎತ್ತಿಕಟ್ಟಿದ ರೇಡಿಯೋ ಕೇಂದ್ರಕ್ಕೆ ಹಣ ಕೊಟ್ಟ ಎಂಬ ಆರೋಪ ಫೆಲಿಸಿಯನ್ ಕಬೂಗಾ ಮೇಲಿತ್ತು. ಅವನ ತಲೆಗೆ ಅಮೆರಿಕ 50 ಲಕ್ಷ ಡಾಲರ್ ಬಹುಮಾನ ಕಟ್ಟಿತ್ತು. ಅವನು ಸಿಕ್ಕಿದ್ದು 2020ರ ಮೇನಲ್ಲಿ. ಎಲ್ಲಿ? ಪ್ಯಾರಿಸ್ ಪಕ್ಕದ ಒಂದು ಅಪಾರ್ಟ್‌ಮೆಂಟಿನಲ್ಲಿ. ಎಂಬತ್ತು ದಾಟಿದ ಮುದುಕ. 2022ರಲ್ಲಿ ವಿಚಾರಣೆ ಶುರುವಾಯಿತು. 2023ರಲ್ಲಿ ಮರೆವಿನ ಕಾಯಿಲೆಯಿಂದ ಅವನು ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಎಂದು ಕೋರ್ಟು ಹೇಳಿ ಕಲಾಪವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ನ್ಯಾಯಾಧೀಶರು ಮಾಡಿದ್ದು ಸರಿಯೇ. ತನ್ನ ಮೇಲಿನ ಆರೋಪ ಏನೆಂದು ತಿಳಿಯದ ಮನುಷ್ಯನನ್ನು ಕಟಕಟೆಯಲ್ಲಿ ಕೂರಿಸುವುದು ವಿಚಾರಣೆಯಲ್ಲ. ತಪ್ಪು ನಡೆದದ್ದು ಅದಕ್ಕೂ ಮುಂಚಿನ ಇಪ್ಪತ್ತಾರು ವರ್ಷಗಳಲ್ಲಿ. ಅವನ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬುದನ್ನು ಆ ವಿಚಾರಣೆ ತೀರ್ಮಾನಿಸಲೇ ಇಲ್ಲ. ಬದುಕುಳಿದವರಿಗೂ ಉತ್ತರ ಸಿಗಲಿಲ್ಲ, ಅವನಿಗೂ ಸಿಗಲಿಲ್ಲ. ಇನ್ನೊಬ್ಬ ಆರೋಪಿ, ಅಧ್ಯಕ್ಷರ ಅಂಗರಕ್ಷಕ ಪಡೆಯ ಮುಖ್ಯಸ್ಥನಾಗಿದ್ದ ಪ್ರೊಟೈಸ್ ಎಂಪಿರಾನ್ಯಾ, 2006ರಲ್ಲೇ ಜಿಂಬಾಬ್ವೆಯಲ್ಲಿ ಸತ್ತಿದ್ದ. ಅದು ಖಚಿತವಾದದ್ದು 2022ರಲ್ಲಿ.

ಕಾಂಬೋಡಿಯಾದ ಬಗ್ಗೆ ಹೇಳುವಾಗ ನಿಮ್ಮ ಸಂಸ್ಥೆಯ ಬಗ್ಗೆಯೂ ಹೇಳಲೇಬೇಕಾಗುತ್ತದೆ. 1975ರಿಂದ 1979ರವರೆಗೆ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಕ್ಷದ ಆಡಳಿತದಲ್ಲಿ ಸುಮಾರು 17 ಲಕ್ಷ ಜನ ಸತ್ತರು. ಅಧಿಕಾರ ಹೋದ ಮೇಲೂ ಎಷ್ಟೋ ವರ್ಷ ವಿಶ್ವಸಂಸ್ಥೆಯಲ್ಲಿ ಆ ದೇಶದ ಕುರ್ಚಿ ಅವರ ಕಡೆಯವರ ಬಳಿಯೇ ಇತ್ತು. ಶೀತಲ ಸಮರದ ಲೆಕ್ಕಾಚಾರದಲ್ಲಿ ಬಹುಮತದ ದೇಶಗಳೇ ಅದಕ್ಕೆ ಕೈ ಎತ್ತಿದವು. ಅವರ ನಾಯಕ ಪೋಲ್ ಪಾಟ್ 1998ರಲ್ಲಿ ಯಾವ ಅಂತರರಾಷ್ಟ್ರೀಯ ಕೋರ್ಟನ್ನೂ ನೋಡದೆ ಸತ್ತ. ವಿಶೇಷ ನ್ಯಾಯಾಲಯ ಕೆಲಸ ಶುರುಮಾಡಿದ್ದು 2006ರಲ್ಲಿ. ಆ ಆಡಳಿತದ ವಿದೇಶಾಂಗ ಮಂತ್ರಿಯಾಗಿದ್ದ ಇಯೆಂಗ್ ಸಾರಿ ವಿಚಾರಣೆಯ ನಡುವೆಯೇ 2013ರಲ್ಲಿ ಸತ್ತ. ಅವನ ಹೆಂಡತಿ ಇಯೆಂಗ್ ತಿರಿತ್ ಮರೆವಿನ ಕಾಯಿಲೆಯಿಂದ ಕೇಸಿನಿಂದ ಹೊರಗಾದಳು. 2022ರಲ್ಲಿ ನ್ಯಾಯಾಲಯದ ಕೊನೆಯ ತೀರ್ಪು ಬರುವ ಹೊತ್ತಿಗೆ ಶಿಕ್ಷೆಯಾದವರು ಮೂರೇ ಜನ. ಖರ್ಚು ಜಾಸ್ತಿಯಾಯಿತು, ಫಲ ಕಡಿಮೆ ಎಂದು ಆಗ ಬಹಳ ಟೀಕೆ ಬಂತು. ಇಪ್ಪತ್ತೇಳು ವರ್ಷ ಕಾದು ಕೋರ್ಟು ತೆರೆದರೆ ಇನ್ನೇನು ಸಿಗುತ್ತದೆ?

ಮಾನ್ಯರೇ, ಈ ದೂರಿನ ನಡುವೆ ಒಬ್ಬ ಮನುಷ್ಯನ ವಿಷಯ ಹೇಳದೆ ಮುಂದೆ ಹೋಗಲಾರೆ. ಚಾಡ್ ದೇಶದ ಸುಲೇಮಾನ್ ಗೆಂಗೆಂಗ್ ಲೆಕ್ಕಪತ್ರ ನೋಡುವ ನೌಕರರಾಗಿದ್ದರು. 1988ರಲ್ಲಿ ಅಲ್ಲಿನ ಸರ್ವಾಧಿಕಾರಿ ಹಿಸೇನ್ ಹಾಬ್ರೆಯ ಪೊಲೀಸರು ಅವರನ್ನು ಹಿಡಿದು ಜೈಲಿಗೆ ಹಾಕಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ, ಜೊತೆಗಿದ್ದವರು ಒಬ್ಬೊಬ್ಬರಾಗಿ ಸಾಯುವುದನ್ನು ನೋಡುತ್ತಾ ಅವರು ಅಲ್ಲಿದ್ದರು. ಬದುಕಿ ಹೊರಗೆ ಬಂದರೆ ಇದಕ್ಕೆ ನ್ಯಾಯ ಕೇಳುತ್ತೇನೆ ಎಂದು ಜೈಲಿನಲ್ಲೇ ಹರಕೆ ಹೊತ್ತರು. 1990ರಲ್ಲಿ ಹಾಬ್ರೆ ಅಧಿಕಾರ ಕಳೆದುಕೊಂಡು ಸೆನೆಗಲ್‌ಗೆ ಓಡಿಹೋದ. ಇವರು ಹೊರಬಂದು, ನರಳಿದವರನ್ನು ಹುಡುಕಿ ಮಾತನಾಡಿಸಿ, 792 ಜನರ ಹೇಳಿಕೆಗಳನ್ನು ಬರೆಸಿಕೊಂಡರು. ಹಾಬ್ರೆಯ ಕಾಲದ ಅಧಿಕಾರಿಗಳು ಇನ್ನೂ ಕುರ್ಚಿಗಳಲ್ಲೇ ಇದ್ದರು. ಹಾಗಾಗಿ ಆ ಕಾಗದಗಳನ್ನು ಮನೆಯಲ್ಲಿ ವರ್ಷಗಟ್ಟಲೆ ಬಚ್ಚಿಟ್ಟರು. 2000ದಲ್ಲಿ ಸೆನೆಗಲ್‌ನಲ್ಲಿ ಹಾಬ್ರೆ ಮೇಲೆ ಮೊದಲ ಕೇಸು ಬಿದ್ದದ್ದು ಇಂಥವರ ಬಲದಿಂದ. ಮುಂದಿನ ವರ್ಷ ರಾಜಧಾನಿ ಎನ್‌ಜಮೇನಾದಲ್ಲಿ, ಪಾಳುಬಿದ್ದ ಹಳೆಯ ಗುಪ್ತ ಪೊಲೀಸ್ ಕಚೇರಿಯ ನೆಲದ ಮೇಲೆ ಕಾಗದಪತ್ರಗಳ ರಾಶಿಯೇ ಸಿಕ್ಕಿತು. ಆ ಪೊಲೀಸರು ತಾವೇ ಬರೆದಿಟ್ಟ ದಾಖಲೆಗಳು. ಅವುಗಳಲ್ಲಿ 12,321 ಜನರ ಹೆಸರಿತ್ತು. ಅವರ ಪೈಕಿ 1,208 ಜನ ಬಂಧನದಲ್ಲೇ ಸತ್ತಿದ್ದರು.

ಇಷ್ಟೆಲ್ಲ ಇದ್ದೂ ಸೆನೆಗಲ್ ಸರ್ಕಾರ ಇಂದು ನಾಳೆ ಎನ್ನುತ್ತಲೇ ಇತ್ತು. ಬೆಲ್ಜಿಯಂ ಅವನನ್ನು ನಮಗಾದರೂ ಒಪ್ಪಿಸಿ ಎಂದು ಕೇಳಿತು, ಆಗಲಿಲ್ಲ. ಕೊನೆಗೆ 2012ರ ಜುಲೈನಲ್ಲಿ, ದೇಶಗಳ ನಡುವಿನ ವ್ಯಾಜ್ಯ ನೋಡುವ ಅಂತರರಾಷ್ಟ್ರೀಯ ನ್ಯಾಯಾಲಯ ಸೆನೆಗಲ್‌ಗೆ ಖಡಕ್ಕಾಗಿ ಹೇಳಿತು: ಇನ್ನು ತಡಮಾಡದೆ ವಿಚಾರಣೆಗೆ ಒಪ್ಪಿಸಿ, ಇಲ್ಲದಿದ್ದರೆ ಕೇಳಿದ ದೇಶಕ್ಕೆ ಕಳಿಸಿ. ಚಿತ್ರಹಿಂಸೆ ವಿರೋಧಿ ಒಪ್ಪಂದದಲ್ಲಿ ಅಂಥ ಕಲಂ ಇದ್ದದ್ದರಿಂದಲೇ ಆ ನ್ಯಾಯಾಲಯ ಹಾಗೆ ಹೇಳಲು ಸಾಧ್ಯವಾಯಿತು. ಮರುವರ್ಷವೇ ಡಾಕಾರ್‌ನಲ್ಲಿ ಆಫ್ರಿಕನ್ ಒಕ್ಕೂಟದ ಬೆಂಬಲದ ವಿಶೇಷ ನ್ಯಾಯಾಲಯ ತೆರೆಯಿತು. 2015ರಲ್ಲಿ ಬಿಳಿ ನಿಲುವಂಗಿ, ಮುಖ ಮುಚ್ಚುವ ಪೇಟ, ಕಪ್ಪು ಕನ್ನಡಕದ ಹಾಬ್ರೆಯನ್ನು ಕಾವಲಿನವರು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಬೇಕಾಯಿತು. ಅವನು ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಅವನ ಎದುರಿಗೇ ಒಬ್ಬೊಬ್ಬರಾಗಿ ಬಂದು, ತಮ್ಮ ಮೇಲೆ ಏನೇನು ನಡೆಯಿತು ಎಂದು ಸಾಕ್ಷಿಗಳು ಹೇಳಿದರು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು. ಒಂದು ಕಲಂ ಎಷ್ಟು ದೂರ ಕೊಂಡೊಯ್ಯಬಲ್ಲದು ನೋಡಿ. ಆ ಕಲಂನಲ್ಲಿ ಗಡುವು ಇದ್ದಿದ್ದರೆ? ಇಷ್ಟು ವರ್ಷ ಕಾಯಬೇಕಿರಲಿಲ್ಲ, ಅಲ್ವಾ?

ಈಗ ನಿಮ್ಮ ಸಭೆಯಲ್ಲಿ ಏಳಬಹುದಾದ ಆಕ್ಷೇಪಗಳ ಬಗ್ಗೆ.

ಇದೆಲ್ಲ ಗೆದ್ದವರು ಸೋತವರಿಗೆ ಕೊಡುವ ನ್ಯಾಯ ಎಂಬ ಮಾತು ಹಳೆಯದು. ಅದನ್ನು ತಳ್ಳಿಹಾಕುವ ಹಾಗಿಲ್ಲ. ಟೋಕಿಯೋ ನ್ಯಾಯಮಂಡಳಿಯಲ್ಲಿ ಕೂತಿದ್ದ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ 1948ರಲ್ಲಿ ಎಲ್ಲ ಆರೋಪಿಗಳೂ ನಿರ್ದೋಷಿಗಳು ಎಂದು ಭಿನ್ನಮತದ ತೀರ್ಪು ಬರೆದರು. ಜಪಾನಿ ಸೇನೆಯ ಕ್ರೌರ್ಯ ನಡೆದೇ ಇಲ್ಲ ಎಂದು ಅವರು ಹೇಳಲಿಲ್ಲ. ಗೆದ್ದವರೇ ಕೋರ್ಟು ಕಟ್ಟಿ, ತಾವು ಹಾಕಿದ ಅಣುಬಾಂಬಿನ ಬಗ್ಗೆ ಚಕಾರ ಎತ್ತದಿರುವುದು ಎಂಥ ನ್ಯಾಯ ಎಂದು ಕೇಳಿದರು. ಪಾಲ್ ಮುಟ್ಟಿದ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಆದರೆ ಅವರ ಪ್ರಶ್ನೆ ಸರಿಯಾದದ್ದು. ಅದಕ್ಕೆ ಉತ್ತರ ಕೋರ್ಟುಗಳನ್ನು ಮುಚ್ಚುವುದರಲ್ಲಿಲ್ಲ. ಗೆದ್ದವರೂ ಅದೇ ಕಟಕಟೆಗೆ ಬರುವಂತೆ ಮಾಡುವುದರಲ್ಲಿದೆ. ರುವಾಂಡಾ ನ್ಯಾಯಮಂಡಳಿ ನರಮೇಧ ನಡೆಸಿದ ಕಡೆಯವರನ್ನು ಮಾತ್ರ ವಿಚಾರಿಸಿತು. ಗೆದ್ದ ಕಡೆಯ ಸೈನಿಕರು ಮಾಡಿದ ಕೊಲೆಗಳನ್ನು ಮುಟ್ಟಲಿಲ್ಲ. ಆ ಕೊರತೆಯನ್ನು ಇವತ್ತಿಗೂ ಎತ್ತಿ ತೋರಿಸುತ್ತಾರೆ. ಎಲ್ಲ ದೇಶಕ್ಕೂ ಒಂದೇ ಥರ ಅನ್ವಯವಾಗುವ ಒಪ್ಪಂದ ಇದ್ದರೆ ಈ ಆಕ್ಷೇಪಕ್ಕೆ ಜಾಗ ಕಡಿಮೆಯಾಗುತ್ತದೆ.

ಇನ್ನೊಂದು ಆಕ್ಷೇಪ, ಶಾಂತಿಗೆ ಅಡ್ಡಿಯಾಗುತ್ತದೆ ಎನ್ನುವುದು. ಜೈಲಿನ ಭಯ ಇದ್ದರೆ ಯಾರು ಬಂದೂಕು ಕೆಳಗಿಡುತ್ತಾರೆ ಎಂದು ಕೇಳುತ್ತಾರೆ. ಸಿಯೆರಾ ಲಿಯೋನ್‌ನಲ್ಲಿ ಇದನ್ನು ಮಾಡಿ ನೋಡಿದ್ದಾಗಿದೆ. 1999ರ ಲೋಮೆ ಒಪ್ಪಂದದಲ್ಲಿ ಜನರ ಕೈಕಾಲು ಕಡಿದ ಬಂಡುಕೋರರಿಗೆ ಪೂರ್ತಿ ಕ್ಷಮಾದಾನ ಕೊಟ್ಟರು. ಅವರ ನಾಯಕ ಫೋಡೆ ಸಾಂಕೋಗೆ ದೇಶದ ಖನಿಜ ಸಂಪತ್ತು ನೋಡಿಕೊಳ್ಳುವ ಆಯೋಗದ ಅಧ್ಯಕ್ಷಗಿರಿಯನ್ನೂ ಕೊಟ್ಟರು. ವರ್ಷ ತುಂಬುವುದರೊಳಗೆ ಅವರು ವಿಶ್ವಸಂಸ್ಥೆಯ ನೂರಾರು ಶಾಂತಿಪಾಲಕರನ್ನು ಒತ್ತೆಯಾಳುಗಳಾಗಿ ಹಿಡಿದರು. ಕೈಲಾಹುನ್‌ನಲ್ಲಿ ಮುತ್ತಿಗೆಗೆ ಸಿಕ್ಕ ಭಾರತೀಯ ಸೈನಿಕರನ್ನು 2000ದ ಜುಲೈನಲ್ಲಿ ಕಾರ್ಯಾಚರಣೆ ನಡೆಸಿ ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ವಿಶೇಷ ನ್ಯಾಯಾಲಯ ಬಂತು. ಆ ಬಂಡುಕೋರರಿಗೆ ಬೆನ್ನಾಗಿ ನಿಂತಿದ್ದ ನೆರೆಯ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಶಿಕ್ಷೆಯಾಯಿತು. ದೇಶವೇನೂ ಮತ್ತೆ ಯುದ್ಧಕ್ಕೆ ಬೀಳಲಿಲ್ಲ.

ಇವತ್ತಿನ ಸ್ಥಿತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2009ರಲ್ಲಿ ಸುಡಾನಿನ ಅಂದಿನ ಅಧ್ಯಕ್ಷ ಒಮರ್ ಅಲ್ ಬಶೀರ್ ಮೇಲೆ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ವಾರಂಟ್ ಹೊರಟಿತು. 2015ರಲ್ಲಿ ಆತ, ವಾರಂಟ್ ಇದ್ದವರನ್ನು ಹಿಡಿದುಕೊಡಬೇಕಾದ ಸದಸ್ಯ ದೇಶವಾದ ದಕ್ಷಿಣ ಆಫ್ರಿಕಾಕ್ಕೆ ಬಂದ. ದೇಶ ಬಿಟ್ಟು ಹೋಗಬಾರದು ಎಂದು ಅಲ್ಲಿನ ಹೈಕೋರ್ಟು ಆದೇಶ ಕೊಟ್ಟಿದ್ದರೂ ಸೇನಾ ವಿಮಾನ ನಿಲ್ದಾಣದಿಂದ ಹಾರಿಹೋದ. ಉಕ್ರೇನಿನ ಮಕ್ಕಳನ್ನು ಸಾಗಿಸಿದ ಆರೋಪದ ಮೇಲೆ ಪುಟಿನ್ ವಿರುದ್ಧ 2023ರಲ್ಲಿ ವಾರಂಟ್ ಹೊರಟಿತು. 2024ರಲ್ಲಿ ಸದಸ್ಯ ದೇಶವಾದ ಮಂಗೋಲಿಯಾ ಅವರಿಗೆ ರತ್ನಗಂಬಳಿ ಹಾಸಿತು. ಗಾಜಾ ಯುದ್ಧದ ವಿಷಯದಲ್ಲಿ 2024ರ ನವೆಂಬರ್‌ನಲ್ಲಿ ನೆತನ್ಯಾಹು ವಿರುದ್ಧ ವಾರಂಟ್ ಹೊರಟಿತು. ಮರುವರ್ಷ ಹಂಗೆರಿ ಅವರನ್ನು ಬರಮಾಡಿಕೊಂಡದ್ದಲ್ಲದೆ ಕೋರ್ಟಿನಿಂದಲೇ ಹೊರನಡೆಯುವುದಾಗಿ ಘೋಷಿಸಿತು. ಹಮಾಸ್ ನಾಯಕನ ವಿರುದ್ಧವೂ ಅದೇ ದಿನ ವಾರಂಟ್ ಹೊರಟಿತ್ತು ಎಂಬುದನ್ನೂ ಹೇಳಬೇಕು. ಇವು ಆರೋಪಗಳು, ಇನ್ನೂ ರುಜುವಾತಾಗಿಲ್ಲ. ರುಜುವಾತು ಮಾಡಲೋ ಬಿಡುಗಡೆ ಮಾಡಲೋ ಅವರು ಕೋರ್ಟಿಗೆ ಬರಬೇಕಲ್ಲ? ಅದರ ಬದಲು 2025ರಲ್ಲಿ ಅಮೆರಿಕ ಆ ಕೋರ್ಟಿನ ನ್ಯಾಯಾಧೀಶರ ಮೇಲೆಯೇ ನಿರ್ಬಂಧ ಹೇರಿತು. ತಮಗೆ ಆಗದವರ ಮೇಲಿನ ವಾರಂಟ್ ಬಂದಾಗ ಚಪ್ಪಾಳೆ, ತಮ್ಮವರ ಮೇಲೆ ಬಂದಾಗ ಕೆಂಡಾಮಂಡಲ. ಈ ಎರಡು ನಾಲಿಗೆಯನ್ನು ಜಗತ್ತಿನ ಸಾಮಾನ್ಯ ಜನ ನೋಡುತ್ತಿದ್ದಾರೆ.

ಭದ್ರತಾ ಮಂಡಳಿ ದಾರಿ ತೋರಿಸುತ್ತದೆ ಎಂಬ ಆಸೆಯೂ ನನಗಿಲ್ಲ. ಸಿರಿಯಾ ವಿಷಯವನ್ನು ಕ್ರಿಮಿನಲ್ ಕೋರ್ಟಿಗೆ ಒಪ್ಪಿಸುವ ನಿರ್ಣಯವನ್ನು 2014ರ ಮೇನಲ್ಲಿ ರಷ್ಯಾ ಮತ್ತು ಚೀನಾ ವಿಟೋ ಹಾಕಿ ಬೀಳಿಸಿದವು. ಆಗ ನ್ಯಾಯ ಸಿಕ್ಕಿದ್ದು ಜರ್ಮನಿಯ ಕೊಬ್ಲೆಂಜ್ ಎಂಬ ನಗರದ ಕೋರ್ಟಿನಲ್ಲಿ. ಡಮಾಸ್ಕಸ್‌ನ ಬಂಧನ ಕೇಂದ್ರವೊಂದರಲ್ಲಿ ತನಿಖಾ ಮುಖ್ಯಸ್ಥನಾಗಿದ್ದ ಅನ್ವರ್ ರಸ್ಲಾನ್ ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ. ಸಿರಿಯಾದ ವಕೀಲ ಅನ್ವರ್ ಅಲ್ ಬುನ್ನಿ ಬರ್ಲಿನ್‌ನಲ್ಲಿ ಅವನನ್ನು ಕಂಡರು. ಹಿಂದೊಮ್ಮೆ ತಮ್ಮನ್ನು ಹಿಡಿದುಕೊಂಡು ಹೋದವನೇ ಇವನು ಎಂದು ಅವರು ಆಮೇಲೆ ಹೇಳಿದರು. 2022ರ ಜನವರಿಯಲ್ಲಿ ರಸ್ಲಾನ್‌ಗೆ ಜೀವಾವಧಿ ಶಿಕ್ಷೆಯಾಯಿತು. ಅಪರಾಧ ಎಲ್ಲೇ ನಡೆದಿರಲಿ, ನಮ್ಮ ಕೋರ್ಟು ವಿಚಾರಿಸಬಹುದು ಎಂಬ ಕಾನೂನು ಜರ್ಮನಿಯಲ್ಲಿ ಇತ್ತು. ಎಷ್ಟು ದೇಶಗಳಲ್ಲಿ ಅಂಥ ಕಾನೂನು ಇದೆ?

ಈಗ ನನ್ನ ಬೇಡಿಕೆಗಳು.

ಕರಡಿನ 10ನೇ ವಿಧಿಯಲ್ಲಿ ಆರೋಪಿಯನ್ನು ವಿಚಾರಣೆಗೆ ಒಪ್ಪಿಸಬೇಕು, ಇಲ್ಲವೇ ಹಸ್ತಾಂತರಿಸಬೇಕು ಎಂದಿದೆ. ಒಳ್ಳೆಯದು. ದಯವಿಟ್ಟು ಅದಕ್ಕೆ ಒಂದು ಕಾಲಮಿತಿ ಸೇರಿಸಿ. ಗಡುವು ಮೀರಿದ ದೇಶ ಲಿಖಿತ ಕಾರಣ ಕೊಡಬೇಕು, ಆ ಕಾರಣ ಎಲ್ಲರಿಗೂ ಓದಲು ಸಿಗಬೇಕು. ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ನೋಡುವ ಸಮಿತಿ ಕರಡಿನಲ್ಲಿ ಇಲ್ಲವೇ ಇಲ್ಲ. ಕೇಳುವವರು ಇಲ್ಲದಿದ್ದರೆ ಯಾವ ಗಡುವಿಗೂ ಬೆಲೆಯಿಲ್ಲ. ಆದ್ದರಿಂದ ಆ ಸಮಿತಿಯೂ ಬೇಕು.

ಹುದ್ದೆಯಲ್ಲಿದ್ದ ಮಾತ್ರಕ್ಕೆ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಕರಡು ಹೇಳುತ್ತದೆ. ಆದರೆ ಹುದ್ದೆಯಲ್ಲಿರುವವರನ್ನು ಬೇರೆ ದೇಶದ ಕೋರ್ಟು ಮುಟ್ಟಬಹುದೇ ಎಂಬ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಪರಿಣಾಮ ಏನು ಎಂದು 2025ರ ಜುಲೈನಲ್ಲಿ ನೋಡಿದೆವು. ಸಿರಿಯಾದ ಅಧ್ಯಕ್ಷನಾಗಿದ್ದ ಬಶರ್ ಅಲ್ ಅಸಾದ್ ಮೇಲೆ ಫ್ರಾನ್ಸ್ ಹೊರಡಿಸಿದ್ದ ವಾರಂಟನ್ನು, ಆಗ ಆತ ಅಧಿಕಾರದಲ್ಲಿದ್ದ ಎಂಬ ಕಾರಣಕ್ಕೆ ಅಲ್ಲಿನ ಉನ್ನತ ನ್ಯಾಯಾಲಯ ರದ್ದು ಮಾಡಿತು. ಆತ ಅಷ್ಟರಲ್ಲಿ ಪದಚ್ಯುತನಾಗಿ ಮಾಸ್ಕೋ ಸೇರಿದ್ದ, ಹಾಗಾಗಿ ಹೊಸ ವಾರಂಟ್ ಹೊರಡಿಸಲು ಅವಕಾಶ ಉಳಿಯಿತು. ಅಧಿಕಾರದಲ್ಲಿ ಗಟ್ಟಿಯಾಗಿ ಕೂತವರಿಗೆ ಇದರಿಂದ ಸಿಗುವ ಸಂದೇಶ ಒಂದೇ: ಕುರ್ಚಿ ಬಿಡಬೇಡಿ. ಈ ವಿಷಯದಲ್ಲಿ ಮೌನ ಬೇಡ, ರಕ್ಷಣೆ ಇಲ್ಲ ಎಂದು ಬಿಡಿಸಿ ಬರೆಯಿರಿ. ಸಾರಾಸಗಟು ಕ್ಷಮಾದಾನ ಕೊಡುವಂತಿಲ್ಲ ಎಂಬುದನ್ನೂ ಬರೆಯಿರಿ. ಕರಡಿನಲ್ಲಿ ಅದೂ ಇಲ್ಲ.

ಸಾಕ್ಷ್ಯವನ್ನು ಮೊದಲ ದಿನದಿಂದಲೇ ಕೂಡಿಡುವ ಕಾಯಂ ವ್ಯವಸ್ಥೆ ಮಾಡಿ. ಸಿರಿಯಾಕ್ಕೆ ಅಂಥ ಸಂಸ್ಥೆ ಬಂದದ್ದು 2016ರ ಕೊನೆಯಲ್ಲಿ, ಸಂಘರ್ಷ ಶುರುವಾಗಿ ಐದು ವರ್ಷ ಕಳೆದ ಮೇಲೆ. ಪ್ರತಿ ಯುದ್ಧಕ್ಕೂ ಹೊಸದಾಗಿ ಮತ ಹಾಕಿ, ಹೊಸದಾಗಿ ಹಣ ಹುಡುಕುವ ಪದ್ಧತಿ ನಿಲ್ಲಲಿ.

ಸಾಕ್ಷಿಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ರುವಾಂಡಾದ ಮಾಜಿ ಮೇಯರ್ ಜಾನ್ ಪೌಲ್ ಅಕಾಯೆಸು ಮೇಲಿನ ಮೊದಲ ದೋಷಾರೋಪದಲ್ಲಿ ಅತ್ಯಾಚಾರದ ಪ್ರಸ್ತಾಪವೇ ಇರಲಿಲ್ಲ. ಕೋರ್ಟಿಗೆ ಬಂದ ಹೆಂಗಸರು ಬೇರೆ ವಿಷಯಕ್ಕೆ ಸಾಕ್ಷಿ ಹೇಳುತ್ತಾ ಅದನ್ನು ಬಾಯಿಬಿಟ್ಟರು. ನ್ಯಾಯಾಧೀಶರು ಕಿವಿಗೊಟ್ಟರು. 1997ರಲ್ಲಿ ವಿಚಾರಣೆಯ ನಡುವೆಯೇ ಆರೋಪ ಸೇರಿಸಿದರು. 1998ರ ಸೆಪ್ಟೆಂಬರ್‌ನಲ್ಲಿ, ಅತ್ಯಾಚಾರವೂ ನರಮೇಧದ ಭಾಗವಾಗಬಹುದು ಎಂದು ಒಂದು ಅಂತರರಾಷ್ಟ್ರೀಯ ಕೋರ್ಟು ಮೊದಲ ಬಾರಿಗೆ ತೀರ್ಪು ಕೊಟ್ಟಿತು. ಆ ಹೆಂಗಸರು ಹೆದರಿ ಬಾರದೇ ಇದ್ದಿದ್ದರೆ ಆ ತೀರ್ಪು ಇರುತ್ತಿರಲಿಲ್ಲ. ಕೊಬ್ಲೆಂಜ್‌ನಲ್ಲಿ ಶುರುವಿನಲ್ಲಿ ಸಭಾಂಗಣದಲ್ಲಿ ಕೂತ ಸಿರಿಯನ್ನರಿಗೆ ಅರಬ್ಬಿ ಅನುವಾದ ಸಿಗುತ್ತಿರಲಿಲ್ಲ. ತಮ್ಮದೇ ಕಥೆಯ ವಿಚಾರಣೆ ಅವರಿಗೇ ಅರ್ಥವಾಗದ ಭಾಷೆಯಲ್ಲಿ ನಡೆಯುತ್ತಿತ್ತು. ಹಾಬ್ರೆ ಕೇಸಿನಲ್ಲಿ ನೊಂದವರಿಗೆ 8,200 ಕೋಟಿ ಸಿಎಫ್‌ಎ ಫ್ರಾಂಕ್‌ಗಿಂತ ಹೆಚ್ಚು ಪರಿಹಾರ ಕೊಡಬೇಕೆಂದು 2017ರಲ್ಲಿ ಆದೇಶವಾಯಿತು. ವರ್ಷಗಟ್ಟಲೆ ಅವರ ಕೈಗೆ ಬಿಡಿಗಾಸೂ ಬರಲಿಲ್ಲ, ಎಷ್ಟೋ ಜನ ಕಾಯುತ್ತಲೇ ಸತ್ತರು. ಹಾಗಾಗಿ ಒಪ್ಪಂದದಲ್ಲಿ ಸಾಕ್ಷಿಗಳಿಗೆ ರಕ್ಷಣೆ, ನೊಂದವರ ಭಾಷೆಯಲ್ಲೇ ಕಲಾಪದ ಅನುವಾದ, ಆದೇಶವಾದ ಪರಿಹಾರ ಕೈ ಸೇರುವವರೆಗೆ ಹೊಣೆ ಹೊರುವ ನಿಧಿ, ಈ ಮೂರೂ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಭಾರತದ ಪ್ರತಿನಿಧಿಗಳಿಗೆ ಬೇರೆಯಾಗಿ ಎರಡು ಮಾತು. 1998ರಲ್ಲಿ ರೋಮ್‌ನಲ್ಲಿ ಕ್ರಿಮಿನಲ್ ಕೋರ್ಟಿನ ಶಾಸನಕ್ಕೆ 120 ದೇಶಗಳು ಒಪ್ಪಿದವು, 7 ವಿರೋಧಿಸಿದವು, ಭಾರತ ಸೇರಿ 21 ದೇಶಗಳು ತಟಸ್ಥವಾಗಿ ಉಳಿದವು. ಭದ್ರತಾ ಮಂಡಳಿಯ ಕಾಯಂ ಸದಸ್ಯರಿಗೆ ಆ ಕೋರ್ಟಿನ ಮೇಲೆ ಹಿಡಿತ ಸಿಗುತ್ತದೆ ಎಂಬುದು ಆಗ ಭಾರತ ಎತ್ತಿದ ಆಕ್ಷೇಪಗಳಲ್ಲಿ ಒಂದು. ಅದರಲ್ಲಿ ಹುರುಳಿತ್ತು. ಆದರೆ ಈಗಿನ ಕರಡಿನಲ್ಲಿ ಭದ್ರತಾ ಮಂಡಳಿಗೆ ಯಾವ ಪಾತ್ರವೂ ಇಲ್ಲ. ಪ್ರತಿ ದೇಶದ ಸ್ವಂತ ಕೋರ್ಟಿಗೇ ಅದು ಅಧಿಕಾರ ಕೊಡುತ್ತದೆ. ನರಮೇಧ ಒಪ್ಪಂದವನ್ನು ಭಾರತ 1959ರಲ್ಲೇ ಅನುಮೋದಿಸಿದರೂ ಅದಕ್ಕೆ ತಕ್ಕ ಕಾನೂನು ಮಾಡಿಲ್ಲ. ನರಮೇಧವಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ಕಾನೂನಿನಲ್ಲಿ ಇಲ್ಲ, ಈ ಕೊರತೆ ತುಂಬಬೇಕು ಎಂದು ದೆಹಲಿ ಹೈಕೋರ್ಟು 2018ರಲ್ಲಿ ಹೇಳಿದೆ. ಈ ಸಲ ತಟಸ್ಥರಾಗಿ ಕೂರಬೇಡಿ.

ಕೊನೆಯದಾಗಿ ಎಲ್ಲ ದೇಶಗಳ ಪ್ರತಿನಿಧಿಗಳಲ್ಲೂ ಒಂದು ವಿನಂತಿ. ಈ ಕಲಂಗಳ ಬಗ್ಗೆ ನಿಮ್ಮ ಸರ್ಕಾರದ ನಿಲುವು ಏನು, ಯಾವುದಕ್ಕೆ ಒಪ್ಪಿದಿರಿ, ಯಾವುದನ್ನು ತೆಗೆಯಬೇಕೆಂದು ಕೇಳಿದಿರಿ ಎಂಬುದನ್ನು ನಿಮ್ಮ ನಿಮ್ಮ ಜನರಿಗೆ ಅವರ ಭಾಷೆಯಲ್ಲೇ ಪ್ರಕಟಿಸಿ. ಅದೂ ಸಮ್ಮೇಳನ ಮುಗಿದ ಮೇಲಲ್ಲ, 2028ರಲ್ಲಿ ನೀವು ಹೊರಡುವ ಮುಂಚೆ. ನಾವು ಓದಿ, ಒಪ್ಪದಿದ್ದರೆ ಅದನ್ನು ಹೇಳಲು ಆಗ ಸಮಯ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ